ಹೆಸರು ಕೂಗುವ ಹೊತ್ತು

ವರ್ಷಕ್ಕೊಂದು ದಿನ ನಮ್ಮೂರಿನವರು ಊರಿಗೆ ಊರೇ ಬಿಟ್ಟು ಹೊರಬೀಡಿಗೆ ಹೋಗುತ್ತೇವೆ. ಒಲೆಯ ಬೂದಿ ಬಳಿದು, ಕೊಡಗಳನ್ನು ಬೋರಲು ಹಾಕಿ, ನಾಯಿ ಬೆಕ್ಕುಗಳನ್ನೂ ಬಗಲಲ್ಲಿಟ್ಟುಕೊಂಡು ಹೊರಟೆವೆಂದರೆ, ಕೊನೆಗೆ ಹೊರಟವರು ಊರಬಾಗಿಲಿಗೆ ಜಾಲಿಮುಳ್ಳು ಒತ್ತುತ್ತಾರೆ. ಮರುದಿನ ಬೆಳಗಾಗುವವರೆಗೆ ಒಳಗೆ ನರಪಿಳ್ಳೆ ಇರಬಾರದು, ಹೊರಟವರು ತಿರುಗಿ ಹೋಗಬಾರದು. ಫೋನು, ಕಾಗದಪತ್ರ, ದುಡ್ಡು ಎಲ್ಲ ಮನೆಯಲ್ಲೇ. ಜೊತೆಗೆ ಬರುವುದು ಹಾಸಿಗೆ, ಪಾತ್ರೆ ಮತ್ತು ಬಾಯಿ.

ತಾತಂದಿರ ಕಾಲದಲ್ಲಿ ಎತ್ತಿನಗಾಡಿಯಲ್ಲಿ ಹೋಗುತ್ತಿದ್ದರಂತೆ. ಆಮೇಲಾಮೇಲೆ ಎಲ್ಲರದೂ ಹನಿಬಂಡಿಯಾಯಿತು. ತಗಡಿನ ಮೈ, ಎರಡು ಗಾಲಿ, ಪಕ್ಕದಿಂದ ನೋಡಿದರೆ ಸೂರಿನ ತುದಿಯಿಂದ ಇನ್ನೇನು ಉದುರಬೇಕು ಅನ್ನುವ ಹನಿಯ ಆಕಾರ. ಜೀಪಿಗೋ ಕಾರಿಗೋ ಆಟೋಗೋ ಕೊಂಡಿ ಸಿಕ್ಕಿಸಿ ಎಳೆದುಕೊಂಡು ಹೋಗುವುದು. ಒಳಗೆ ಗಂಡಹೆಂಡಿರು ಕಾಲು ಚಾಚುವಷ್ಟು ಹಾಸಿಗೆ. ಹಿಂದಿನ ಮುಚ್ಚಳ ಎತ್ತಿದರೆ ಅಲ್ಲೇ ಅಡಿಗೆಮನೆ: ಪುಟ್ಟ ಸ್ಟೌ, ಡಬ್ಬಿ ಸಾಲು, ಸೌಟು ನೇತುಹಾಕಲು ಮೊಳೆ. ಮಕ್ಕಳಿದ್ದವರು ಬಂಡಿಯನ್ನು ಒಂದು ಮೊಳ ಅಗಲ ಮಾಡಿಸಿಕೊಳ್ಳುತ್ತಾರೆ. ಊರಿನ ಅರ್ಧ ಬಂಡಿಗಳಿಗೆ ಬೆಸುಗೆ ಹಾಕಿದವರು ನಮ್ಮೆಜಮಾನರೇ. ನಮ್ಮದೂ ಅಗಲದ ಬಂಡಿ. ನಮಗೆ ಮಕ್ಕಳಿಲ್ಲ. "ಮತ್ತೆ ಯಾಕ್ರೀ ಇಷ್ಟಗಲ?" ಅಂತ ಕೇಳಿದರೆ, "ಅಳತೆ ತಪ್ತು ಕಣೇ" ಅನ್ನುತ್ತಿದ್ದರು. ಬೇರೆ ಯಾರ ಬಂಡಿಯಲ್ಲೂ ಅವರ ಅಳತೆ ನೂಲಿನೆಳೆಯಷ್ಟೂ ತಪ್ಪಿದ್ದಿಲ್ಲ.

ನಾವು ಬಂಡಿ ಬಿಡುವ ಜಾಗಕ್ಕೆ ಕೂಗುಬಯಲು ಅಂತ ಹೆಸರು. ಮರವಿಲ್ಲ, ಬಂಡೆಯಿಲ್ಲ, ಮೊಣಕಾಲೆತ್ತರದ ಹುಲ್ಲು ಮಾತ್ರ. ಅಲ್ಲಿ ಒಂದೇ ಕಟ್ಟಳೆ. ಹೊತ್ತು ಮುಳುಗುವುದರೊಳಗೆ ಪ್ರತಿಯೊಬ್ಬರೂ ತಂತಮ್ಮ ಬಂಡಿಯೊಳಗೆ ಸೇರಬೇಕು, ಬೇರೆ ಬಂಡಿಯವರು ಯಾರಾದರೂ ಬಂದು ಹೊರಗೆ ನಿಂತು ಹೆಸರು ಕೂಗಬೇಕು, ಒಳಗಿನವರು "ಓ" ಅನ್ನಬೇಕು. ಅಣ್ಣ, ಅಕ್ಕ, ಪುಟ್ಟ, ಚಿನ್ನು, ಮೇಷ್ಟ್ರೇ, ಸಾಹುಕಾರ್ರೇ, ಇವು ಯಾವುದೂ ನಡೆಯುವುದಿಲ್ಲ. ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರೇ ಆಗಬೇಕು. ಕೂಗಿಸಿಕೊಳ್ಳದವರ ಜಾಗ ಬೆಳಿಗ್ಗೆ ಬರಿದು. ಅಗುಳಿ ಹಾಕಿದ್ದು ಹಾಕಿದ ಹಾಗೇ, ಹೊದಿಕೆ ಹೊದ್ದದ್ದು ಹೊದ್ದ ಹಾಗೇ. ಅಲ್ಲಿ ಯಾರು ಮಲಗಿದ್ದರು ಅನ್ನುವುದು ಮಗ್ಗುಲಲ್ಲಿ ಮಲಗಿದ್ದವರಿಗೂ ನೆನಪಿರುವುದಿಲ್ಲ.

ಬಯಲಿನ ಪಡುವಣ ಅಂಚಿಗೆ ಅಂಥ ಕೆಲವು ಬಂಡಿಗಳು ನಿಂತಿವೆ. ಗಾಲಿ ಮಣ್ಣಿಗಿಳಿದು, ತಗಡು ತುಕ್ಕು ಹಿಡಿದು ಕೆಂಪಾಗಿ, ಕೊಂಡಿಗೆ ಬಳ್ಳಿ ಹಬ್ಬಿ. ಯಾರದು ಅಂತ ಕೇಳಿದರೆ ಹಿರಿಯರೂ ತಲೆ ಅಲ್ಲಾಡಿಸುತ್ತಾರೆ. ಯಾರೂ ಎಳೆದುಕೊಂಡು ಹೋಗಲಿಲ್ಲ, ಯಾರೂ ಒಡೆದು ಗುಜರಿಗೆ ಹಾಕಲಿಲ್ಲ. ಆ ಕಡೆ ಮುಖ ಮಾಡಿ ನಾವು ಅಡಿಗೆ ಮಾಡುವುದಿಲ್ಲ, ಅಷ್ಟೇ.

ಆದರೆ ಹಗಲೆಲ್ಲ ಹಬ್ಬವೇ ಅನ್ನಿ. ಅವರ ಬಂಡಿಯ ಮುಚ್ಚಳ ಇವರು ಎತ್ತಿ ನೋಡುವುದು, ಇವರ ಹೊಸ ಪರದೆಗೆ ಅವರು ಹೆಸರಿಡುವುದು. "ಏನಮ್ಮಿ ಇದು, ಬಂಡಿಯೋ ಮದುವೆ ಛತ್ರವೋ? ಒಗ್ಗರಣೆ ಸೌಟಿಗೂ ಕುಚ್ಚು ಕಟ್ಟಿದ್ದೀಯ!" ಅಂತ ಯಾರೋ ನಗುತ್ತಾರೆ. ಎಲ್ಲ ಬಂಡಿಯ ಬುತ್ತಿಯೂ ಎಲ್ಲ ಬಂಡಿಗೆ ಹೋಗುತ್ತದೆ. ಹೋದ ಡಬ್ಬಿ ತಿರುಗಿ ಬಂದರೆ ಬಂತು, ಇಲ್ಲವಾದರೆ ಅದರ ಬದಲಿಗೆ ಇನ್ನೊಬ್ಬರ ಡಬ್ಬಿ. ಹೀಗಾಗಿ ನಮ್ಮೂರಿನ ಯಾವ ಅಡಿಗೆಮನೆಯಲ್ಲೂ ಪಾತ್ರೆಯ ಮೇಲಿನ ಹೆಸರಿಗೂ ಮನೆಯವರ ಹೆಸರಿಗೂ ಹೊಂದಿಕೆಯೇ ಇಲ್ಲ. ನಗುವುದೂ ತಿನ್ನುವುದೂ ಒಳಗೊಳಗೆ ಒಂದೇ ಕಾರಣಕ್ಕೆ. ಇವತ್ತು ಮುಖ ಮುರಿದುಕೊಂಡರೆ ಸಂಜೆ ಕೂಗುವವರು ಯಾರು? ಆ ದಿನ ದಾಯಾದಿಗಳೂ ಒಬ್ಬರಿಗೊಬ್ಬರು ಚಕ್ಕುಲಿ ಕೊಡುತ್ತಾರೆ. 

ಈ ನಗುವನ್ನೆಲ್ಲ ಕಟ್ಟಿ ಹಿಡಿದಿದ್ದವರು ದೊಡ್ಡಮ್ಮ. ಎತ್ತರದ ಆಳು, ತುಂಬಿದ ಮೈ, ಹಣೆಗೆ ಕಾಸಗಲ ಕುಂಕುಮ. ಆರು ವರ್ಷದ ಕೂಸಿಗೂ ಅರವತ್ತರ ಮುದುಕನಿಗೂ ಅವರು ದೊಡ್ಡಮ್ಮನೇ. ಗಂಡ ತೀರಿಕೊಂಡು ಬಹಳ ಕಾಲವಾಗಿದ್ದರೂ ಕುಂಕುಮ ಬಿಟ್ಟಿರಲಿಲ್ಲ, ಒಬ್ಬರೇ ಒಂದು ಹಳದಿ ಬಂಡಿಯಲ್ಲಿ ಬರುತ್ತಿದ್ದರು. ಮಧ್ಯಾಹ್ನದಿಂದಲೇ ಅವರ ಸುತ್ತು ಶುರು. "ನಿನ್ನ ಮಗೀನ ಹೆಸರೇನಮ್ಮ? ಬಂಗಾರಿ ಅಲ್ಲ ಕಣೇ, ಪೂರ್ತಿ ಹೆಸರು ಹೇಳು. ಮುದ್ದಯ್ಯಾ, ಕೇಳಿಸ್ಕೊಂಡ್ಯಾ?"

ಈ ಮುದ್ದಯ್ಯ ಹಿಟ್ಟಿನ ಗಿರಣಿಯವನು. ಗಿರಣಿಯ ಸದ್ದಿನೊಳಗೆ ಮಾತಾಡಿ ಮಾತಾಡಿ ಗಂಟಲು ಕಹಳೆಯಾಗಿತ್ತು. ಕೂಗುವ ಕೆಲಸ ಬಹಳ ಮಟ್ಟಿಗೆ ಅವನದೇ. ಅವನನ್ನು ಮಾತ್ರ ದೊಡ್ಡಮ್ಮ ಎಲ್ಲರಿಗಿಂತ ಮೊದಲೇ ಕೂಗಿಬಿಡುತ್ತಿದ್ದರು. ಹಿರಿಯರ ಹೆಸರು ಕೂಗುವ ಮುಂಚೆ ಎರಡೂ ಕೆನ್ನೆ ತಟ್ಟಿಕೊಂಡು, "ತಪ್ಪಾಯ್ತು ದೊಡ್ಡೋರೇ, ಹೊಟ್ಟೆಗಾಕ್ಕೊಳಿ" ಅಂದು ಆಮೇಲೆ ಕೂಗುವನು. ಹೆಂಗಸರು ಬಾಯಿಬಿಟ್ಟು ಗಂಡಂದಿರ ಹೆಸರು ಹೇಳದ ಕಾರಣ ಅದನ್ನೂ ಅವನೇ ಕೇಳಿ ಇಟ್ಟುಕೊಂಡಿದ್ದ. ನಮ್ಮ ಬಂಡಿಯ ಮುಂದೆ ನಿಂತು "ದ್ಯಾವಣ್ಣಾ! ಪಂಕಜಾಕ್ಷೀ!" ಅಂತ ಕೂಗಿದರೆ ಒಳಗೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನಾಚಿಕೆಗೆ.

ದೊಡ್ಡಮ್ಮನ ಬಂಡಿಯ ಮುಂದೆ ಮಾತ್ರ ಅವನು ಕೂಗುತ್ತಿರಲಿಲ್ಲ. ಅಲ್ಲಿ ಜುಲೇಖಾಬಿ ಇದ್ದರು. ಇಬ್ಬರೂ ಚಿಕ್ಕಂದಿನಿಂದ ಗೆಳತಿಯರು, ಬಂಡಿಗಳನ್ನು ಮಗ್ಗುಲಿಗೇ ಬಿಡುತ್ತಿದ್ದರು. ಹೊತ್ತಾದಾಗ ಜುಲೇಖಾಬಿ ಹಳದಿ ಬಂಡಿಯ ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ ಏನೋ ಅನ್ನುವರು, ಒಳಗಿಂದ "ಓ" ಬರುವುದು, ಆಮೇಲೆ ತಾವು ಹೋಗಿ ಮಲಗುವರು. ದೊಡ್ಡಮ್ಮನ ಹೆಸರನ್ನು ಹತ್ತು ಜನರ ಕಿವಿಗೆ ಬೀಳುವ ಹಾಗೆ ಕೂಗುವುದುಂಟೇ? ನಮಗೂ ಅದು ಸರಿಯೆನಿಸಿತ್ತು.

ಹೋದ ಸಲದ ಹೊರಬೀಡಿಗೆ ಮುಂಚಿನ ಮಳೆಗಾಲದಲ್ಲಿ ಜುಲೇಖಾಬಿ ತೀರಿಕೊಂಡರು. ಊರೇ ಹೋಗಿ ಮಣ್ಣು ಹಾಕಿ ಬಂದೆವು. ಅಷ್ಟಾದರೂ ಆ ಸಲ ಹೊರಬೀಡಿಗೆ ಹೊರಡುವಾಗ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ?

ಆ ದಿನವೂ ದೊಡ್ಡಮ್ಮ ಸುತ್ತು ಹಾಕಿದರು. ಮಧ್ಯಾಹ್ನ ನಮ್ಮ ಬಂಡಿಗೂ ಬಂದು ಒಂದು ಹಳೆಯ ಹಿತ್ತಾಳೆ ಡಬ್ಬಿಯ ತುಂಬ ಕೋಡುಬಳೆ ಕೊಟ್ಟರು. ನಾನು ಟೀ ಮಾಡುತ್ತಿದ್ದೆ. ಸಕ್ಕರೆ ಅಳೆಯಲು ನಮ್ಮಲ್ಲೊಂದು ಪುಟ್ಟ ಸ್ಟೀಲ್ ಲೋಟ ಉಂಟು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಅದನ್ನು ಅವರು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ಸಕ್ಕರೆಗೆ ಇದೇ ಬೇಕೇನೇ ನಿಂಗೆ?"

"ಮೊದ್ಲಿಂದ ಇದೇ ಅಳತೆ ದೊಡ್ಡಮ್ಮ. ಕೈಗೆ ಕೂತುಬಿಟ್ಟಿದೆ."

"ಹೂಂ" ಅಂದರು. ಟೀ ಕುಡಿಯದೆಯೇ ಎದ್ದರು. ಹೋಗುವಾಗ ಬಂಡಿಯ ಅಂಚು ಹಿಡಿದುಕೊಂಡು ನಿಂತು, ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದರು. "ಮಂಡಿ ನೋವಾ ದೊಡ್ಡಮ್ಮ?" ಅಂದೆ. "ಹ್ಞೂಂ ಕಣೇ, ಮಂಡಿ" ಅಂದರು.

ಬಿಸಿಲು ಕೆಂಪಾಯಿತು. ಮುಚ್ಚಳಗಳು ಒಂದೊಂದಾಗಿ ಬಿದ್ದವು. ಮುದ್ದಯ್ಯ ಮೂಡಣ ಕಡೆಯಿಂದ ಕೂಗಲು ಶುರು ಮಾಡಿದ. ಒಂದೊಂದು ಹೆಸರಿಗೂ ಒಂದೊಂದು "ಓ". ತೆಳುವಾದ ಓ, ಗಡಸಿನ ಓ, ನಿದ್ದೆಗಣ್ಣಿನ ಮಗುವಿನ ಓ. ನಮ್ಮನ್ನೂ ಕೂಗಿ ಮುಂದಕ್ಕೆ ಹೋದ. ಇನ್ನು ಬಾಗಿಲು ಎಳೆದುಕೊಂಡು ಮಲಗುವುದು. ಎಳೆಯುವಾಗ ಸಂದಿಯಿಂದ ಹಳದಿ ಬಂಡಿ ಕಾಣಿಸಿತು. ಅದರ ಮಗ್ಗುಲಲ್ಲಿ ಒಂದು ಬಂಡಿಯಷ್ಟು ಜಾಗ ಖಾಲಿ. ಎಂದಿನ ಅಭ್ಯಾಸಕ್ಕೆ ದೊಡ್ಡಮ್ಮ ಅಷ್ಟು ಜಾಗ ಬಿಟ್ಟೇ ನಿಲ್ಲಿಸಿದ್ದರು. ಅವರು ಇನ್ನೂ ಒಳಗೆ ಹೋಗಿರಲಿಲ್ಲ. ಬಾಗಿಲ ಹೊರಗೆ ನಿಂತು ಆ ಖಾಲಿ ಹುಲ್ಲನ್ನೇ ನೋಡುತ್ತಿದ್ದರು.

ಬಾಗಿಲು ಬಿಟ್ಟು ಒಳಕ್ಕೆ ತಿರುಗಿದೆ. "ರೀ, ದೊಡ್ಡಮ್ಮನ ಹೆಸರೇನು?"

ನಮ್ಮೆಜಮಾನರು ದಿಂಬಿನಿಂದ ತಲೆಯೆತ್ತಿದರು. "ದೊಡ್ಡಮ್ಮನ ಹೆಸರಾ? ದೊಡ್ಡಮ್ಮ ಅಂದ್ರೆ..." ಅಷ್ಟಕ್ಕೇ ನಿಂತರು. ಹೊದಿಕೆ ಸರಿಸಿ ಎದ್ದು ಕೂತರು.

ಕೂಗಿಸಿಕೊಂಡ ಮೇಲೆ ಹೊರಗೆ ಬರಬಾರದು ಅಂತ ಕಟ್ಟಳೆಯೇನಿಲ್ಲ, ಮುದ್ದಯ್ಯನ ಹೊರತು ಯಾರೂ ಬರುವುದಿಲ್ಲ ಅಷ್ಟೇ. ನಾನು ಹಾರಿ ಇಳಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂಡಿಯಿಂದ ಬಂಡಿಗೆ ಓಡಿದೆ. ತಗಡು ಬಡಿದು ಕೇಳಿದೆ. ಒಳಗಿಂದ ಒಬ್ಬೊಬ್ಬರದು ಒಂದೊಂದು ಮಾತು. "ಪುಟ್ಟಮ್ಮಣ್ಣಿ ಅಂತಿದ್ರಪ್ಪ... ಅಲ್ಲ, ಅದು ನಮ್ಮತ್ತೆ ಹೆಸರು." "ನಮ್ಮಪ್ಪ ಅವರನ್ನ ಅತ್ತಿಗೆ ಅಂತಿದ್ದ ಕಣಕ್ಕ." "ಅಯ್ಯೋ, ಕೇಳೇ ಇಲ್ವಲ್ಲಮ್ಮಾ!" ಆ ಬಯಲಲ್ಲಿದ್ದ ಪ್ರತಿಯೊಂದು ಮಗುವಿನ ಹೆಸರೂ ದೊಡ್ಡಮ್ಮನಿಗೆ ಗೊತ್ತಿತ್ತು.

ಮುದ್ದಯ್ಯ ಎದುರಿಗೆ ಸಿಕ್ಕಿದ. ಕೇಳಿದೆ. ಕಹಳೆಯಂಥ ಗಂಟಲಿನಿಂದ ಗಾಳಿ ಮಾತ್ರ ಬಂತು. "ಅಕ್ಕಾ, ನಾನು ಕೇಳಲಿಲ್ಲ. ಅವರನ್ನ ಹೆಸರು ಕೇಳೋದೆಂಗೆ ಅಂತ ಕೇಳಲಿಲ್ಲ."

ನಾವಿಬ್ಬರೂ ಹಳದಿ ಬಂಡಿಗೆ ಬಂದೆವು. ಸೂರ್ಯ ಹುಲ್ಲಿನ ತುದಿಗೆ ತಾಗಿದ್ದ. "ದೊಡ್ಡಮ್ಮಾ, ನಿಮ್ಮ ಹೆಸರು ಹೇಳ್ಬಿಡಿ. ಬೇಗ. ನಾನೇ ಕೂಗ್ತೀನಿ, ತಪ್ಪು ತಿಳ್ಕೋಬೇಡಿ" ಅಂದೆ.

ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು.  "ಬೆಳಿಗ್ಗೆಯಿಂದ ಹುಡುಕ್ತಾ ಇದೀನಿ ಕಣೇ" ಅಂದರು. "ಜುಲ್ಲಿ ಕರೀತಿದ್ಲಲ್ಲ, ಅವಳ ದನಿ ಕೇಳ್ಸುತ್ತೆ. ಓ ಅನ್ನೇ ಅಂತಿದ್ದದ್ದು ಕೇಳ್ಸುತ್ತೆ. ಅದಕ್ಕಿಂತ ಮುಂಚೆ ಏನೋ ಒಂದು ಅಂತಿದ್ಲು. ಅದು ಬರ್ತಾ ಇಲ್ಲ." ಮಗುವಿನ ಹಾಗೆ ನನ್ನ ಮುಖ ನೋಡಿದರು. "ಹೇಳ್ಕೊಳಕ್ಕೆ ನಾಚಿಕೆ ಆಯ್ತು. ಎಲ್ಲರ ಹೆಸರೂ ಕೇಳೋಳು, ನಂದೇ ಮರೆತೆ ಅಂತ ಯಾರ ಹತ್ರ ಹೇಳ್ಲಿ?"

ಆಗ ನನಗೆ ಆ ಹಿತ್ತಾಳೆ ಡಬ್ಬಿ ನೆನಪಾಯಿತು. ಓಡಿ ಹೋಗಿ ತಂದೆ. ಕೋಡುಬಳೆಯನ್ನೆಲ್ಲ ಹುಲ್ಲಿಗೆ ಸುರಿದು ತಳ ಮೇಲು ಮಾಡಿದೆ. ಮದುವೆಯಲ್ಲಿ ಉಡುಗೊರೆ ಕೊಡುವ ಪಾತ್ರೆಗೆ ಚುಕ್ಕಿ ಚುಕ್ಕಿಯಾಗಿ ಕೊರೆಸುತ್ತಾರಲ್ಲ, ಹಾಗೆ ಕೊರೆಸಿದ ಅಕ್ಷರ, ಅರ್ಧ ತಿಕ್ಕಿ ಸವೆದಿತ್ತು. ಸೌ॥ ಇಂದುಮತಿ.

"ಇದು ನಿಮ್ಮದೇ ಡಬ್ಬಿ ತಾನೇ? ಇಂದುಮತೀನಾ ದೊಡ್ಡಮ್ಮ?"

"ಇಂದುಮತಿ" ಅಂದರು ಅವರು, ನಾಲಗೆಯ ಮೇಲಿಟ್ಟು ರುಚಿ ನೋಡುವವರ ಹಾಗೆ. "ಗೊತ್ತಿರೋ ಹೆಸರೇ ಕಣೇ. ತುಂಬ ಗೊತ್ತಿರೋ ಹೆಸರು."

ಅವರನ್ನು ಒಳಗೆ ತಳ್ಳಿ ಬಾಗಿಲು ಹಾಕಿದೆವು. ಹುಲ್ಲಿನ ಮೇಲೆ ಇನ್ನೊಂದು ಗೆರೆಯಷ್ಟು ಬೆಳಕಿತ್ತು. ಮುದ್ದಯ್ಯ ಕೆನ್ನೆ ತಟ್ಟಿಕೊಳ್ಳುವುದನ್ನೂ ಮರೆತು ಎದೆ ತುಂಬ ಗಾಳಿ ಎಳೆದುಕೊಂಡ.

"ಇಂದುಮತೀ!"

"ಓ."

ಓ ಬಂತು. ಹಳದಿ ಬಂಡಿಯಿಂದಲ್ಲ. ನಮ್ಮ ಬೆನ್ನ ಹಿಂದಿನಿಂದ, ಪಡುವಣ ಅಂಚಿನಿಂದ, ಬಳ್ಳಿ ಹಬ್ಬಿದ ತುಕ್ಕು ಬಂಡಿಯಿಂದ ಬಂತು. ಹರೆಯದ ಹೆಣ್ಣಿನ ದನಿ. ಬೇಸರ ಹಿಡಿದು ಕಾದು ಕೂತು, ಅಂತೂ ಕರೆದಿರಲ್ಲ ಅನ್ನುವ ಹಾಗಿತ್ತು.

ಮುದ್ದಯ್ಯ ನನ್ನ ತೋಳು ಹಿಡಿದುಕೊಂಡ.    ತುಕ್ಕು ಬಂಡಿಯೊಳಗೆ ಬಳೆಗಳು ಸದ್ದು ಮಾಡಿದವು. ಯಾರೋ ಮಗ್ಗುಲು ಬದಲಿಸಿ ಎದ್ದು ಕೂತ ಹಾಗೆ. ಆಮೇಲೆ ಅದೇ ದನಿ, ಈಗ ಗದರಿಸುವ ದನಿಯಲ್ಲಿ, ಬಯಲಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಕೂಗಿತು.

"ಪಾರಿಜಾತಾ! ಎಲ್ಲಿದ್ದೀಯೇ? ಹೊತ್ತಾಯ್ತು, ಮಲಗ್ಲಿಲ್ವೇನೇ?"

ಹಳದಿ ಬಂಡಿಯೊಳಗೆ ಒಂದು ಬಿಕ್ಕು ಕೇಳಿಸಿತು. ಅದರ ಹಿಂದೆಯೇ, ನಾವು ಯಾರೂ ಎಂದೂ ಕೇಳದಿದ್ದ ಎಳೆಯ ದನಿಯಲ್ಲಿ, ನಮ್ಮ ದೊಡ್ಡಮ್ಮ ಅಂದರು: "ಓ... ಅಕ್ಕಾ, ಓ!"

ಬೆಳಕಿನ ಗೆರೆ ಅಳಿಸಿಹೋಯಿತು.

ಓಡಿ ಬಂದು ನಮ್ಮ ಬಂಡಿ ಹೊಕ್ಕ ನಾನು ಬೆಳಿಗ್ಗೆ ಬಾಗಿಲು ತೆರೆಯುವ ಧೈರ್ಯ ಮಾಡಲಿಲ್ಲ, ನಮ್ಮೆಜಮಾನರೇ ತೆರೆದರು. ದೊಡ್ಡಮ್ಮ ಇದ್ದರು. ತುಕ್ಕು ಬಂಡಿಯ ಮುಂದಿನ ಹುಲ್ಲು ಕಿತ್ತು, ನೀರು ಚಿಮುಕಿಸಿ, ರಂಗೋಲಿ ಎಳೆಯುತ್ತಿದ್ದರು. ಹೊಸಲಿನ ಮೇಲೆ ಒಂದು ಲೋಟ ಕಾಫಿ ಹೊಗೆಯಾಡುತ್ತಿತ್ತು. ಆ ಬಂಡಿಯ ಬಾಗಿಲು ತೆರೆದಿರಲಿಲ್ಲ. ನಮ್ಮೆಜಮಾನರು ಹಾರೆ ತರುತ್ತೇನೆಂದರೆ ಅವರು ಬೇಡವೆಂದರು.

"ಅಕ್ಕ ತಂಗೀನ ಒಂದೇ ಮನೆಗೆ ಕೊಟ್ಟಿದ್ರು ಕಣೇ" ಅಂದರು ನನ್ನ ಹತ್ತಿರ. "ಭಾವ ಮಿಲಿಟರಿಗೆ ಹೋಗಿದ್ರು. ಅವಳಿಗೆ ಹೊಸ ಬಂಡಿ, ಒಬ್ಬಳೇ ಮಲಗ್ತೀನಿ ಅಂತ ಜಂಬ. ಅವತ್ತು ಎಲ್ಲರೂ ಬಂದು ಅತ್ತಿಗೆ ಅಂದ್ರು, ಹೊಸಸೊಸೆ ಅಂದ್ರು. ನಾನು ಅಕ್ಕಾ ಅಂತ ಕೂಗ್ದೆ. ಅಕ್ಕನ್ನ ಹೆಸರಿಟ್ಟು ಕೂಗೋದುಂಟಾ? ಓ ಅಂದ್ಲು. ಅವಳು ಓ ಅಂದ್ಲಲ್ಲ, ಸಾಕು ಅಂದ್ಕೊಂಡೆ." ರಂಗೋಲಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. "ನಂಗೆ ಅಕ್ಕ ಇದ್ಲು ಅನ್ನೋದೇ ನಿನ್ನೆ ಸಂಜೆವರೆಗೂ ಗೊತ್ತಿರಲಿಲ್ಲ ನೋಡು. ಐವತ್ತು ವರ್ಷ ಅವಳ ಡಬ್ಬೀಲಿ ಕೋಡುಬಳೆ ಹಂಚಿದ್ದೀನಿ."

ಬಂಡಿಗಳು ಹೊರಡುವ ಹೊತ್ತಿಗೆ ಸುದ್ದಿ ಎಲ್ಲರಿಗೂ ತಲುಪಿತ್ತು.  ಒಂದೊಂದು ಮುಚ್ಚಳದ ಹಿಂದೆಯೂ ಹೆಂಗಸರು ಡಬ್ಬಿ, ಲೋಟ, ತಟ್ಟೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಿದ್ದರು. ಸೌಟಿನ ಹಿಡಿಯನ್ನೂ ಬಿಡಲಿಲ್ಲ. "ಈ ವೆಂಕಟಲಕ್ಷ್ಮಿ ಯಾರೇ?" "ಯಾರೋ ಕಾಣೆ, ನಮ್ಮಲ್ಲಿ ಯಾರೂ ಇಲ್ಲ." "ಇಲ್ನೋಡು, ಬಸಪ್ಪಾಜಿ ಅಂತೆ." ಹೆಸರು ಓದುವುದು, ಪಡುವಣ ಕಡೆ ಒಂದು ಸಲ ನೋಡುವುದು, ಪಾತ್ರೆಯನ್ನು ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಕೆಳಗಿಡುವುದು.

ನಾನು ಅಲ್ಲಿ ನೋಡಲಿಲ್ಲ. ಮನೆಗೆ ಬಂದು, ಒಲೆ ಹಚ್ಚಿ, ಟೀಗೆ ನೀರಿಟ್ಟು, ಸಕ್ಕರೆ ಡಬ್ಬಿಯಿಂದ ಆ ಪುಟ್ಟ ಲೋಟ ಎತ್ತಿದೆ. ದೊಡ್ಡಮ್ಮ ಅದನ್ನು ಅಷ್ಟು ಹೊತ್ತು ನೋಡಿದ್ದು ನೆನಪಾಯಿತು. ಸಕ್ಕರೆ ಕೊಡವಿ ಬೋರಲು ಮಾಡಿದೆ. ಚಿಕ್ಕ ಚಿಕ್ಕ ಚುಕ್ಕಿಗಳು.

ಚಿ॥ ನಳಿನಿ.

ಯಾರದೋ ಇರಬೇಕು, ಹೊರಬೀಡಿನಲ್ಲಿ ಬದಲಾಗಿ ಬಂದದ್ದಿರಬೇಕು ಅಂದುಕೊಂಡೆ. ಆದರೆ ನನಗೊಂದು ಹೆಣ್ಣು ಮಗುವಾದರೆ ಇಡಬೇಕೆಂದು ಮದುವೆಗೆ ಮುಂಚಿನಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರು ಅದು. ಒಬ್ಬರಿಗೂ ಹೇಳಿರಲಿಲ್ಲ. ಲೋಟವನ್ನು ನಮ್ಮೆಜಮಾನರ ಕೈಗೆ ಕೊಟ್ಟೆ. ಅವರು ಓದಿದರು.  ಅಂಗಳಕ್ಕೆ ಹೋಗಿ, ಟೇಪು ಹಿಡಿದು ನಮ್ಮ ಬಂಡಿಯ ಹಾಸಿಗೆಯ ಅಗಲ ಅಳೆದರು. ಇನ್ನೊಮ್ಮೆ ಅಳೆದರು. ಆಮೇಲೆ ಗಾಲಿಯ ಪಕ್ಕದಲ್ಲಿ ಕೂತುಬಿಟ್ಟರು.

"ಅಳತೆ ತಪ್ಪಿದ್ದಲ್ಲ ಕಣೇ" ಅಂದರು.

ಮಕ್ಕಳನ್ನು ನಮ್ಮೂರಲ್ಲಿ ಯಾರು ತಾನೇ ಹೆಸರಿಟ್ಟು ಕರೆಯುತ್ತಾರೆ? ಪುಟ್ಟಿ ಅನ್ನುತ್ತಾರೆ, ಬಂಗಾರಿ ಅನ್ನುತ್ತಾರೆ, ಚಿನ್ನು ಅನ್ನುತ್ತಾರೆ. ದೊಡ್ಡಮ್ಮ ಪ್ರತಿ ಬಂಡಿಗೂ ಹೋಗಿ ಪೂರ್ತಿ ಹೆಸರು ಹೇಳು ಅಂತ ಕೇಳಲು ಶುರು ಮಾಡಿದ್ದು ಯಾವ ವರ್ಷದಿಂದ, ಯಾಕೆ, ಅನ್ನುವುದು ಅವರಿಗೂ ನೆನಪಿಲ್ಲವಂತೆ.

ಮುಂದಿನ ಹೊರಬೀಡು ಹತ್ತಿರ ಬರುತ್ತಿದೆ. ಈಗ ನಾವೆಲ್ಲ ದೊಡ್ಡಮ್ಮನನ್ನು ದಿನಕ್ಕೊಂದು ಸಲವಾದರೂ ಹೆಸರು ಹಿಡಿದು ಕರೆಯುತ್ತೇವೆ. "ಪಾರಿಜಾತಮ್ಮಾ" ಅಂದರೆ ನಾಚಿ ಸೆರಗು ಹೊದೆಯುತ್ತಾರೆ. ನಿನ್ನೆ ಬಂದು ಹೇಳಿದರು: "ನೀವಿಬ್ಬರೂ ನಡುವೆ ಜಾಗ ಬಿಟ್ಟು ಮಲಗಿ. ಹೊರಗಿಂದ ನಾನು ಕೂಗ್ತೀನಿ. ನನ್ನ ಬಾಯಿಂದಲೇ ಕೂಗ್ತೀನಿ."

ನಾನೊಂದು ಪುಟ್ಟ ದಿಂಬು ಹೊಲಿದಿದ್ದೇನೆ. ಒಳಗೆ ಬೂರಗದ ಹತ್ತಿ, ಮೇಲೆ ಹೂವಿನ ಬಟ್ಟೆ. ಯಾರೂ "ಓ" ಅನ್ನದಿದ್ದರೆ ಏನು ಗತಿ ಅಂತ ನಮ್ಮೆಜಮಾನರು ಹೆದರಿಕೊಂಡು ಊಟ ಬಿಟ್ಟಿದ್ದಾರೆ. ನನ್ನ ಹೆದರಿಕೆ ಬೇರೆ. ಆ ಇಕ್ಕಟ್ಟಿನ ಕತ್ತಲಲ್ಲಿ, ನಮ್ಮಿಬ್ಬರ ನಡುವೆ, ನನ್ನ ತೋಳಿನ ಮೇಲೆ ಬಿಸಿಯುಸಿರು ಬಿಡುತ್ತ ಅವಳು "ಓ" ಅಂದು, ಇಷ್ಟು ವರ್ಷ ನೀನ್ಯಾಕೆ ಕೂಗಿಸಲಿಲ್ಲ ಅಂತ ಕೇಳಿದರೆ, ನಾನು ಏನಂತ ಹೇಳಲಿ?